ಸ್ಪೋರ್ಟ್ ಮೋಡ್ ಹಾಕಿದ್ರೆ ಟ್ರ್ಯಾಕ್ಷನ್ ಕಂಟ್ರೋಲ್ ಸಡಿಲ ಆಗುತ್ತಾ? ಗೇರು, ಭತ್ತದ ರಸ್ತೆ, ಎರಿ ಕೆಸರು

ಗಂಗಾವತಿ ಗಾಡಿ
ಒಂದು ವಿಷಯ ಬಗೆಹರೀಬೇಕ್ರಿ. ಗಾಡಿ ಟರ್ಬೊ ಪೆಟ್ರೋಲ್, 7 ಸ್ಪೀಡ್ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್), ಮುಂದಿನ ಗಾಲಿ ಎಳೆಯೋ ಎಸ್‌ಯುವಿ. ಇಕೋ, ನಾರ್ಮಲ್, ಸ್ಪೋರ್ಟ್ ಅಂತ ಮೂರು. ಅದ ಗುಂಡಿ ಒತ್ತಿದ್ರ ಸ್ನೋ, ಮಡ್, ಸ್ಯಾಂಡ್ ಅಂತ ಮತ್ತ ಮೂರು. ಇಎಸ್‌ಸಿ ಆಫ್ ಬಟನ್ (ಗಾಡಿ ಅಡ್ಡ ತಿರುಗೋದನ್ನ ತಡಿಯೋದು ಇಎಸ್‌ಸಿ) ಬ್ಯಾರೆ.

ಸ್ಪೋರ್ಟ್ ಹಾಕಿದ್ರ ಟ್ರ್ಯಾಕ್ಷನ್ ಕಂಟ್ರೋಲ್ (ಎಳೆಯೋ ಗಾಲಿ ಜಾರೂದನ್ನ ತಡಿಯೋದು) ತಾನಾಗೇ ಕಮ್ಮಿ ಆಗ್ತೈತೇನು? 60ರಾಗ ಹೊಂಟ್ರೂ ಗೇರ್ ಮ್ಯಾಲೆ ಹೋಗವಲ್ದು, 3000 ಆರ್‌ಪಿಎಂ ಯಾಕ ಹಿಡ್ಕೊಂಡು ಕುಂದ್ರತೈತಿ? ಸುಗ್ಗ್ಯಾಗ ರಸ್ತೆ ಮ್ಯಾಲೆ ಭತ್ತ ಹರವಿರ್ತಾರ, ಗದ್ದಿ ಟ್ರ್ಯಾಕ್ಟರಿನ ಕೆಸರು ಬಿದ್ದಿರ್ತೈತಿ, ಆಗ ಯಾವ ಮೋಡ್? ಒಬ್ಬೊಬ್ರು ಒಂದೊಂದು ಹೇಳ್ತಾರ.

ತಾಳಕ್ಕೆ ತಕ್ಕ ಕ್ಲಚ್ (ಬಳ್ಳಾರಿ)
ನಿಮ್ಮ ಗಾಡಿಯಲ್ಲಿ ಮೋಡ್ ಗುಂಡಿ ಒಂದು, ಇಎಸ್‌ಸಿ ಬಟನ್ ಇನ್ನೊಂದು. ಎರಡಕ್ಕೂ ಗಂಟು ಹಾಕಿದಾಗಲೇ ಗೊಂದಲ ಶುರುವಾಗೋದು.

ಸ್ಪೋರ್ಟಿಗೆ ತಿರುಗಿಸಿದಾಗ ಖಾತ್ರಿಯಾಗಿ ಬದಲಾಗೋದು ಎರಡೇ: ಆಕ್ಸಿಲರೇಟರಿನ ಲೆಕ್ಕ, ಗೇರ್ ಬದಲಿಸೋ ವೇಳೆ. ಬಹಳ ಗಾಡಿಗಳಲ್ಲಿ ಸ್ಟೀರಿಂಗೂ ಸ್ವಲ್ಪ ಬಿಗಿಯಾಗುತ್ತೆ. ಎಂಜಿನ್ನಿಗೆ ಹೊಸ ಶಕ್ತಿ ಬರಲ್ಲ, ಟೈರಿಗೆ ಹೊಸ ಹಿಡಿತ ಅಂತೂ ಬರೋದೇ ಇಲ್ಲ.

ಪೆಡಲ್ಲಿನಿಂದ ಎಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್‌ಗೆ ಈಗ ತಂತಿ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಅನ್ನೋದನ್ನ ಸೆನ್ಸರ್ ಹೇಳುತ್ತೆ, ಎಷ್ಟು ಟಾರ್ಕ್ (ತಿರುಗಿಸೋ ಬಲ) ಕೊಡಬೇಕು ಅಂತ ಎಂಜಿನ್ನಿನ ಕಂಪ್ಯೂಟರ್, ಅಂದ್ರೆ ಇಸಿಯು ತೀರ್ಮಾನಿಸುತ್ತೆ. ನಾರ್ಮಲ್‌ನಲ್ಲಿ ಕಾಲುಭಾಗ ಒತ್ತಿದ್ರೆ ಕಾಲುಭಾಗಕ್ಕಿಂತ ಕಮ್ಮಿ ಕೊಡಬಹುದು. ಸ್ಪೋರ್ಟಿನಲ್ಲಿ ಅಷ್ಟೇ ಒತ್ತಿದ್ರೆ ಅರ್ಧದ ಹತ್ತಿರ ಕೊಡಬಹುದು. ಪೂರ್ತಿ ಒತ್ತಿದಾಗ ಎರಡರಲ್ಲೂ ಅಷ್ಟೇ. ಸ್ಪೋರ್ಟಿನಲ್ಲಿ ಗಾಡಿ ಹಾರುತ್ತೆ ಅನ್ನಿಸೋದು ಪೆಡಲ್ಲಿನ ಮೊದಲರ್ಧ ಒತ್ತಿನ ಕರಾಮತ್ತು.

ಗೇರಿನ ಮಾತು. ಡಿಸಿಟಿಯಲ್ಲಿ ಎರಡು ಕ್ಲಚ್ ಇರ್ತವೆ. 1, 3, 5, 7 ಒಂದರ ಮೇಲೆ. 2, 4, 6 ಇನ್ನೊಂದರ ಮೇಲೆ. ಈಗ ಯಾವ ಗೇರಿದೆಯೋ ಅದರ ಪಕ್ಕದ ಗೇರನ್ನ ಇನ್ನೊಂದು ಶಾಫ್ಟ್ ಮೇಲೆ ಮೊದಲೇ ಸಿದ್ಧ ಇಟ್ಟಿರುತ್ತೆ, ಅದಕ್ಕೇ ಬದಲಾವಣೆ ಚಕ್ಕಂತ ಆಗೋದು. ಆದ್ರೆ ನಾರ್ಮಲ್‌ನಲ್ಲಿ 7ರಲ್ಲಿ ತೇಲ್ತಾ ಇದ್ದು, ಲಾರಿ ದಾಟೋಕೆ ಅಂತ ತಟ್ಟನೆ ಒತ್ತಿದಾಗ 5 ಬೇಕಾದ್ರೆ? ಎರಡೂ ಒಂದೇ ಕ್ಲಚ್ಚಿನ ಗೇರು. ನೇರ ಕೈ ಬದಲಾಯಿಸೋಕೆ ಆಗಲ್ಲ, ನಡುವೆ ಒಂದು ಗಳಿಗೆ ತಡವರಿಸುತ್ತೆ. ಸ್ಪೋರ್ಟ್ ಮೊದಲೇ ಒಂದೆರಡು ಗೇರ್ ಕೆಳಗೆ ನಿಂತು, ಟರ್ಬೊ ತಿರುಗ್ತಾ ಇರೋ ಹಾಗೆ ನೋಡ್ಕೊಳ್ಳುತ್ತೆ. ನೀವು ಹೇಳೋ 3000 ಅದೇ. ರೋಗ ಅಲ್ಲ, ಅದರ ಸ್ವಭಾವ.

ಸ್ಪೋರ್ಟ್ ಇದ್ದಾಗ ಬ್ರೇಕ್ ಒತ್ತಿದ್ರೆ ಗೇರು ಬೇಗ ಇಳಿಯುತ್ತೆ, ಕಾಲು ತೆಗೆದ್ರೂ ಬೇಗ ಮೇಲೇರಲ್ಲ. ಒಣ ಟಾರ್ ಮೇಲೆ ಇದು ಅನುಕೂಲ. ಜಾರೋ ಕಡೆ ಇದೇ ತಂಟೆ. ಯಾಕೆ ಅಂತ ಕೆಳಗೆ ಯಾರಾದ್ರೂ ಕೇಳೇ ಕೇಳ್ತಾರೆ.

ಕೊಪ್ಪಳ ಕೋಟೆ
ಕೇಳಿದೆ. ಯಾಕೆ?

ತಾಳಕ್ಕೆ ತಕ್ಕ ಕ್ಲಚ್ (ಬಳ್ಳಾರಿ)
ಕೆಳಗಿನ ಗೇರಿನಲ್ಲಿ ಕಾಲು ತೆಗೆದಾಗ ಎಂಜಿನ್ನು ಎಳೆಯೋ ಗಾಲಿಗಳನ್ನ ಹಿಂದಕ್ಕೆ ಜಗ್ಗುತ್ತೆ. ಭತ್ತದ ಕಾಳಿನ ಮೇಲೋ ಕೆಸರಿನ ಮೇಲೋ ಆ ಜಗ್ಗಾಟವೇ ಗಾಲಿಯನ್ನ ರಸ್ತೆ ವೇಗಕ್ಕಿಂತ ನಿಧಾನ ಮಾಡಿಬಿಡುತ್ತೆ. ಬ್ರೇಕ್ ಮುಟ್ಟದೇನೇ ಬ್ರೇಕ್ ಹಾಕಿದಂಗೆ. ಮುಂದಿನ ಗಾಲಿ ಎಳೆಯೋ ಗಾಡಿಯಲ್ಲಿ ಆ ಕ್ಷಣ ಸ್ಟೀರಿಂಗ್ ಮಾತು ಕೇಳಲ್ಲ. ಇದಕ್ಕೂ ಒಂದು ಕಾವಲು ಇದೆ. ಎಂಎಸ್‌ಆರ್ ಅಂತಾರೆ, ಗಾಲಿ ಹಿಂದೆ ಬೀಳ್ತಿದೆ ಅಂತ ಕಂಡ ಕೂಡಲೇ ಇಸಿಯು ತಾನೇ ಸ್ವಲ್ಪ ಟಾರ್ಕ್ ಕೊಟ್ಟು ಸರಿದೂಗಿಸುತ್ತೆ. ಅಂದ್ರೆ ಟ್ರ್ಯಾಕ್ಷನ್ ಕಂಟ್ರೋಲಿನ ತಿರುವು ಮುರುವು ಕೆಲಸ.

ಹತ್ತು ಎಂಎಂ ಪಾನಾ (ಬಳ್ಳಾರಿ)
ಮೊದಲನೇ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ಓಡೋ ಹೆಚ್ಚಿನ ಗಾಡಿಗಳಲ್ಲಿ ಸ್ಪೋರ್ಟ್ ಹಾಕಿದ್ರೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಆಗಲ್ಲ. ಅದರ ಹಿಡಿತ ಸಡಿಲ ಮಾಡೋದು ಬೇರೆ ಜಾತಿಯ ಗಾಡಿ. ಬಿಎಂಡಬ್ಲ್ಯೂದಲ್ಲಿ ಸ್ಪೋರ್ಟ್ ಪ್ಲಸ್ ಹಾಕಿದ್ರೆ ಬಹಳ ಮಾಡೆಲ್‌ಗಳಲ್ಲಿ ಡಿಟಿಸಿ ಅನ್ನೋದು ಶುರುವಾಗುತ್ತೆ, ಗಾಲಿ ಇನ್ನಷ್ಟು ಜಾರೋಕೆ ಬಿಟ್ಟು ಆಮೇಲೆ ಹಿಡಿಯುತ್ತೆ. ಹಂಗೆ ಸಡಿಲ ಆದಾಗ ಮೀಟರಿನಲ್ಲಿ ಬರಹವೋ ದೀಪವೋ ಬಂದೇ ಬರುತ್ತೆ. ಏನೂ ಬರಲಿಲ್ಲ ಅಂದ್ರೆ ಕಾವಲುಗಾರ ಎದ್ದೇ ಕೂತಿದಾನೆ ಅಂತ ತಿಳ್ಕೊಳ್ಳಿ.

ಬಟನ್ ಲೆಕ್ಕ, ಹ್ಯುಂಡೈ ಕಿಯಾಗಳಲ್ಲಿ ಹೀಗೆ: ಇಎಸ್‌ಸಿ ಆಫ್ ಒಮ್ಮೆ ಒತ್ತಿ ಬಿಟ್ರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ನಿಲ್ಲುತ್ತೆ, ಗಾಡಿ ಅಡ್ಡ ತಿರುಗೋದನ್ನ ತಡೆಯೋ ಇಎಸ್‌ಸಿ ಇರುತ್ತೆ. 3 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದ್ರೆ ಎರಡೂ ನಿಲ್ತವೆ. ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ ಎರಡೂ ವಾಪಸ್. ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂಗೆ ನೋಡೋ ಎಬಿಎಸ್ ಈ ಬಟನ್ನಿಗೆ ಸೇರಿಲ್ಲ, ಅದು ಯಾವಾಗಲೂ ಇರುತ್ತೆ.

ದೀಪ ಓದೋದು ಕಲೀರಿ. ಜಾರೋ ಗಾಡಿಯ ಹಳದಿ ಚಿತ್ರ ಮಿಣುಕಿದ್ರೆ ಕೆಲಸ ಮಾಡ್ತಾ ಇದೆ ಅಂತ. ಅದೇ ಚಿತ್ರ ನಿಂತು ಉರಿದ್ರೆ ದೋಷ. ಆಫ್ ಅಂತ ಬರೆದಿದ್ದು ಉರಿದ್ರೆ ಯಾರೋ ಬಟನ್ ಒತ್ತಿದಾರೆ. ಎಷ್ಟೋ ಸಲ ನೀರು ಹೊಡಿಯೋ ಹುಡುಗ ಬಟ್ಟೆಯಲ್ಲಿ ಒರೆಸ್ತಾ ಒತ್ತಿರ್ತಾನೆ, ಮಾಲೀಕರು ಸ್ಕ್ಯಾನರ್ ಹಿಡ್ಕೊಂಡು ಓಡಾಡ್ತಿರ್ತಾರೆ.

ರಾಯಚೂರು 42 ಡಿಗ್ರಿ
ಟಿಸಿ, ಅಂದ್ರ ಟ್ರ್ಯಾಕ್ಷನ್ ಕಂಟ್ರೋಲ್, ಹಿಡಿಯೋದು ಹ್ಯಾಂಗ ಅನ್ನೋದು ಬಿಟ್ಟೇ ಹೋಯ್ತಲ್ರಿ. ನಾಕೂ ಗಾಲಿಗೆ ಒಂದೊಂದು ಸ್ಪೀಡ್ ಸೆನ್ಸರ್ ಅವ. ಗಾಡಿ ಖರೇ ಹೊಂಟಿದ್ದು ತಾಸಿಗೆ 20 ಕಿ.ಮೀ., ಎಳೆಯೋ ಗಾಲಿ ತಿರುಗೋದು 24ರ ಲೆಕ್ಕದಾಗ ಅಂದ್ರ ಜಾರಿಕಿ ಸುಮಾರು 17 ಪ್ರತಿಶತ. ಒಣ ಟಾರಿನ ಮ್ಯಾಲೆ ಟೈರು ಚಲೋ ಹಿಡಿಯೋದು 10ರಿಂದ 20ರ ನಡುವ. ಅಂದ್ರ ಚೂರು ಜಾರೂದು ತಪ್ಪಲ್ಲ, ಬೇಕು. ಟಿಸಿ ತಡಿಯೋದು ಅದರಾಚಿಗೆ ಹೋಗೂದನ್ನ.

ತಡಿಯೋದಕ್ಕ ಮೂರು ಕೈ ಅವ. ಸ್ಪಾರ್ಕ್ ಹಿಂದ ಸರಿಸೋದು (ತಡವಾಗಿ ಹೊತ್ತಿಸೋದು) ಇಲ್ಲಾ ಇಂಧನ ಕಡಿಯೋದು, ಇದು ಭಾಳ ಬೇಗ. ಥ್ರಾಟಲ್ ಮುಚ್ಚೋದು, ಇದು ನಿಧಾನ. ಮೂರನೇದು ಗಿರಗಿರ ತಿರುಗೋ ಗಾಲಿಗೆ ಬ್ರೇಕ್. ಡೀಸೆಲ್‌ಗೆ ಸ್ಪಾರ್ಕಿಲ್ಲ, ಅಲ್ಲಿ ಇಂಜೆಕ್ಟರ್ ಬಿಡೋ ಡೀಸೆಲ್ಲೇ ಕಡಿಮಿ ಮಾಡ್ತದ.

ಬ್ರೇಕಿನ ಕೈ ಯಾಕ ಮುಖ್ಯ ಅಂದ್ರ ಸಾದಾ ಡಿಫರೆನ್ಶಿಯಲ್ ಎರಡೂ ಗಾಲಿಗೆ ಒಂದೇ ಟಾರ್ಕ್ ಹಂಚ್ತದ. ಎಡಗಾಲಿ ಕೆಸರಾಗ ಸುಮ್ನ ತಿರುಗಲಿಕತ್ತಿದ್ರ ಬಲಗಾಲಿಗೂ ಅಷ್ಟೇ ಸಣ್ಣ ಪಾಲು. ಎಡಗಾಲಿಗೆ ಬ್ರೇಕ್ ಹಿಡದ್ರ ಅದರ ವಿರುದ್ಧ ಎಷ್ಟು ಟಾರ್ಕ್ ಕಟ್ಟಿತೋ ಅಷ್ಟು ಬಲಗಾಲಿಗೂ ಸಿಗ್ತದ, ಗಾಡಿ ಎದ್ದು ಬರ್ತದ.

ಈಗ ಸ್ಪೋರ್ಟ್ ಕೂಡಿಸ್ರಿ. ಕಾಲು ಚೂರು ಇಟ್ರ ಟಾರ್ಕ್ ಧಪ್ ಅಂತ ಬರ್ತದ, ಗಾಲಿ ಜಾರ್ತದ, ಟಿಸಿ ಕಡೀತದ, ಹಿಡಿತ ಸಿಗ್ತದ, ಮತ್ತ ಧಪ್. ಗಾಡಿ ತೊದಲ್ಲಿಕತ್ತಂಗ ಆಗ್ತದ. ಮಂದಿ ಟಿಸಿ ಕೆಟ್ಟದ ಅಂತಾರ. ಕೆಟ್ಟಿದ್ದು ಟಿಸಿ ಅಲ್ಲ, ಮೋಡಿನ ಆಯ್ಕೆ.

ಗಂಗಾವತಿ ಗಾಡಿ
ತೊದಲಿದಂಗ, ಬರೋಬ್ಬರಿ ಅದ! ಹಂಗಾದ್ರ ಭತ್ತದ ಮ್ಯಾಲೆ?

ರಾಯಚೂರು 42 ಡಿಗ್ರಿ
ಸಿಂಧನೂರು, ಗಂಗಾವತಿ, ಮಾನ್ವಿ ಕಡೆ ನವೆಂಬರ್, ಡಿಸೆಂಬರಿನಾಗ ರಸ್ತೆ ಅರ್ಧ ಕಣ ಆಗಿರ್ತದ. ಹರವೋದು ಸರಿಯೋ ತಪ್ಪೋ ಆ ಮಾತು ಬಿಡ್ರಿ, ಟೈರಿಗೆ ಆಗೋದು ಹೇಳ್ತೀನಿ. ಒಣ ಕಾಳು ಟಾರಿನ ಮ್ಯಾಲೆ ಬೇರಿಂಗಿನ ಗುಂಡಿನಂಗ ಉರುಳ್ತದ. ಒಂದು ಕಡೆ ಗಾಲಿ ಕಾಳಿನ ಮ್ಯಾಲೆ, ಇನ್ನೊಂದು ಕಡೆ ಟಾರಿನ ಮ್ಯಾಲೆ ಇದ್ದಾಗಂತೂ ಗಂಡಾಂತರ: ಬ್ರೇಕ್ ಹಾಕಿದ್ರ ಗಾಡಿ ಟಾರಿನ ಕಡಿಗೆ ಎಳೀತದ, ಆಕ್ಸಿಲರೇಟರ್ ಒತ್ತಿದ್ರ ಕಾಳಿನ ಕಡಿಗೆ ಮೂತಿ ತಿರುಗ್ತದ.

ಕಾಳು ಕಂಡ ಕೂಡ್ಲೆ ಸ್ಪೋರ್ಟ್ ಇದ್ರ ನಾರ್ಮಲ್ಲಿಗೆ ತರ್ರಿ. ಕಾಳು ಮುಟ್ಟೂದಕ್ಕ ಮೊದಲೇ ಬ್ರೇಕ್ ಮುಗಿಸ್ರಿ. ಮ್ಯಾಲೆ ಹೋದಮ್ಯಾಲೆ ಪೆಡಲ್ ಹಗುರಾಗಿ ಒಂದೇ ಸಮ, ಸ್ಟೀರಿಂಗ್ ನೆಟ್ಟಗ. ಟಿಸಿ ಆಫ್ ಮಾಡೋ ಪ್ರಶ್ನೆನೇ ಇಲ್ಲ.

ಇನ್ನೊಂದು, ಇದು ಮೋಡಿಗೆ ಸಂಬಂಧಿಲ್ಲ ಆದ್ರ ಜೀವಕ್ಕ ಸಂಬಂಧ ಅದ. ಜ್ವಾಳದ ದಂಟು, ಹುಲ್ಲು, ತೊಗರಿ ಕಟ್ಟಿಗಿ ಹರವಿದ ಕಡೆ ದಾಟಿದಮ್ಯಾಲೆ ಇಳದು ಗಾಡಿ ಕೆಳಗ ನೋಡ್ರಿ. ಡ್ರೈವ್‌ಶಾಫ್ಟಿಗೆ ಸುತ್ಕೊಳ್ತದ, ಸೈಲೆನ್ಸರ್ ಪೈಪಿಗೆ ಸಿಕ್ಕೊಳ್ತದ. ಕ್ಯಾಟಲಿಟಿಕ್ ಕನ್ವರ್ಟರ್ ಕಾದಿರ್ತದ, ಒಣ ಹುಲ್ಲು ಹೊತ್ಕೊಳ್ಳಾಕ ಅಷ್ಟು ಸಾಕು. ಹುಲ್ಲಿನ ಮ್ಯಾಲೆ ಗಾಡಿ ನಿಲ್ಲಿಸಲೇಬ್ಯಾಡ್ರಿ.

ಮಸಾರಿ ಮಣ್ಣು (ಸಂಡೂರು)
ಎರಿ (ಕಪ್ಪು ಮಣ್ಣು) ಕೆಸರಿನ ಬಗ್ಗೆ ನಾನು ಸೇರಿಸ್ತೀನಿ. ಟಿಸಿ ಆನ್ ಇರಬೇಕಾ ಆಫ್ ಮಾಡಬೇಕಾ ಅನ್ನೋದಕ್ಕೆ ಗಾಡಿಯಿಂದ ಒಬ್ಬರು ಇಳಿದು ಗಾಲಿ ನೋಡಿದ್ರೆ ಸಾಕು, ದೂರ ನಿಂತು ನೋಡಲಿ.

ಒಂದೇ ಗಾಲಿ ತಿರುಗ್ತಿದ್ರೆ, ಇನ್ನೊಂದು ಗಟ್ಟಿ ನೆಲದ ಮೇಲಿದ್ರೆ, ಟಿಸಿ ಆನ್ ಇರಲಿ. ಮೇಲೆ ಹೇಳಿದ ಬ್ರೇಕಿನ ಕೈ ಕೆಲಸ ಮಾಡಬೇಕು. ಪೆಡಲ್ ಒಂದೇ ಸಮ ಹಿಡೀರಿ, ಟಕಟಕ ಸದ್ದು ಬಂದ್ರೆ ಕಾಲು ತೆಗೀಬೇಡಿ, ಬ್ರೇಕ್ ಕಟ್ಟೋಕೆ ಎರಡು ಮೂರು ಸೆಕೆಂಡ್ ಬೇಕು. ಬಹಳ ಜನ ಸರಿಯಾಗಿ ಆ ಹೊತ್ತಿಗೇ ಕಾಲು ಎತ್ತಿಬಿಡ್ತಾರೆ.

ಎಳೆಯೋ ಎರಡೂ ಗಾಲಿ ತಿರುಗ್ತಿದ್ರೆ ಟಿಸಿ ಎಂಜಿನ್ನನ್ನೇ ಹಿಸುಕುತ್ತೆ, ಗಾಡಿ ನಿಂತಲ್ಲೇ ನಿಲ್ಲುತ್ತೆ. ಎರಿ ಮಣ್ಣಿನ ಗುಣ ನಿಮಗೆ ಗೊತ್ತಲ್ಲ: ಟೈರಿನ ಕಚ್ಚುಗಳಿಗೆ ಮೆತ್ತಿ ರೊಟ್ಟಿ ಬಡಿದಂಗೆ ಆಗಿಬಿಡುತ್ತೆ, ಟೈರು ನುಣ್ಣಗಾಗುತ್ತೆ. ಅದು ಕಿತ್ತು ಹೋಗಬೇಕಂದ್ರೆ ಗಾಲಿ ಸ್ವಲ್ಪ ಜೋರಾಗಿ ತಿರುಗಲೇಬೇಕು. ಮಡ್ ಮೋಡ್ ಇದ್ರೆ ಮೊದಲು ಅದು, ಗಾಲಿ ತಿರುಗೋಕೆ ಬಿಟ್ಟು ಬ್ರೇಕನ್ನೂ ಬಳಸುತ್ತೆ. ಅದಿಲ್ಲ ಅಂದ್ರೆ ಇಎಸ್‌ಸಿ ಬಟನ್ ಒಮ್ಮೆ ಒತ್ತಿ ಟಿಸಿ ಮಾತ್ರ ತೆಗೀರಿ. ಮ್ಯಾನ್ಯುವಲ್ಲಾದ್ರೆ ಎರಡನೇ ಗೇರು. ಆಟೋಮ್ಯಾಟಿಕ್ಕಾದ್ರೆ ಪ್ಯಾಡಲಿನಿಂದ 2 ಹಿಡಿಯುತ್ತಾ ನೋಡಿ. ಸ್ಟೀರಿಂಗ್ ನೆಟ್ಟಗಿರಲಿ, ಗಾಲಿ ತಿರುಗಿಸಿಟ್ಟು ಒತ್ತಿದ್ರೆ ಅಡ್ಡ ಮಣ್ಣಿನ ಗೋಡೆ ತಳ್ಳಿದಂಗೆ. ಗಾಡಿ ಟಾರಿಗೆ ಹತ್ತಿದ ಕೂಡಲೇ ಬಟನ್ ಮತ್ತೆ ಒತ್ತಿ.

ಇಲ್ಲಿ ಸ್ಪೋರ್ಟ್ ಹಾಕೋದು ಶುದ್ಧ ದಡ್ಡತನ. ಕೆಸರಿನಲ್ಲಿ ಬೇಕಾಗಿರೋದು ಕಾಲಿನ ನಯ, ಸ್ಪೋರ್ಟ್ ಕಿತ್ಕೊಳ್ಳೋದೂ ಅದನ್ನೇ.

ಉಸುಕಿನಲ್ಲಿ, ತುಂಗಭದ್ರೆಯ ದಂಡೆಗೋ ಕೃಷ್ಣೆಯ ದಂಡೆಗೋ ಇಳಿದಾಗ, ಟೈರಿನ ಗಾಳಿ 33ರಿಂದ 20 ಪಿಎಸ್‌ಐ ಸುಮಾರಿಗೆ ಇಳಿಸಿದ್ರೆ ಯಾವ ಮೋಡೂ ಮಾಡದ ಉಪಕಾರ ಆಗುತ್ತೆ. ವಾಪಸ್ ಗಾಳಿ ತುಂಬೋ ಪಂಪ್ ಡಿಕ್ಕಿಯಲ್ಲಿ ಇದ್ರೆ ಮಾತ್ರ. ಇಳಿಸಿದ ಗಾಳಿಯಲ್ಲಿ ಹೆದ್ದಾರಿಗೆ ಹತ್ತಬೇಡಿ, ಟೈರಿನ ಪಕ್ಕೆ ಕಾದು ಹರಿಯುತ್ತೆ.

ತಾಳಕ್ಕೆ ತಕ್ಕ ಕ್ಲಚ್ (ಬಳ್ಳಾರಿ)
ಇದಕ್ಕೆ ಒಂದು ಎಚ್ಚರಿಕೆ, ಒಣ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗಿರದ) ಡಿಸಿಟಿ ಇರೋರಿಗೆ. ಹಿಂದೆ ಮುಂದೆ ಜೋಲಿ ಹೊಡೆಸಿ ಎಬ್ಬಿಸ್ತೀವಿ ಅಂತ ಆರ್, ಡಿ, ಆರ್, ಡಿ ಅಂತ ತಿರುವಬೇಡಿ. ತೆವಳೋ ವೇಗದಲ್ಲಿ ಕ್ಲಚ್ ಪೂರ್ತಿ ಕಚ್ಚಿರಲ್ಲ, ಉಜ್ಜುತ್ತಾ ಇರುತ್ತೆ. ಬೇಸಿಗೆಯಲ್ಲಿ ಹೊರಗೇ 40 ದಾಟಿರುವಾಗ ನಾಲ್ಕೈದು ಯತ್ನಕ್ಕೆ ಗೇರ್‌ಬಾಕ್ಸ್ ಕಾದಿದೆ ಅಂತ ಎಚ್ಚರಿಕೆ ಬರುತ್ತೆ. ಬಂದ್ರೆ ಗಾಡಿ ನಿಲ್ಲಿಸಿ ಗೇರ್ ಪಿಗೆ ಹಾಕಿ, ಎಂಜಿನ್ ಓಡ್ತಾ ಇರಲಿ, ಎಚ್ಚರಿಕೆ ಹೋಗೋತನಕ ಕಾಯಿರಿ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಇಂಥದ್ದನ್ನ ಹೆಚ್ಚು ತಾಳುತ್ತೆ, ಅಲ್ಲಿ ಜಾರೋದು ಎಣ್ಣೆ. ಆದ್ರೂ ಎಣ್ಣೆಯೂ ಕಾಯುತ್ತೆ.

ಬಿಸಿಲಿನ ಇನ್ನೊಂದು ಸಂಗತಿ. ಟರ್ಬೊ ಪೆಟ್ರೋಲಿನಲ್ಲಿ ಒಳಬರೋ ಗಾಳಿ ಕಾದಿದ್ರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಬಡಿಯೋದು) ತಪ್ಪಿಸೋಕೆ ಇಸಿಯು ಸ್ಪಾರ್ಕನ್ನ ಹಿಂದೆ ಸರಿಸುತ್ತೆ. ಮೇ ತಿಂಗಳ ಮಧ್ಯಾಹ್ನ ಸ್ಪೋರ್ಟಿನಲ್ಲಿ ಆರ್‌ಪಿಎಂ ಕೂಗುತ್ತೆ, ಗಾಡಿ ಮಾತ್ರ ಜನವರಿ ಬೆಳಿಗ್ಗೆಯಷ್ಟು ಓಡಲ್ಲ. ಮೋಡಿನ ತಪ್ಪಲ್ಲ.

ಕೊಪ್ಪಳ ಕೋಟೆ
ಹಾಗಾದ್ರೆ ಸ್ಪೋರ್ಟ್ ಯಾವ ಸುಖಕ್ಕೆ?

ಮಸಾರಿ ಮಣ್ಣು (ಸಂಡೂರು)
ಎರಡು ಕಡೆ ನಿಜವಾಗ್ಲೂ ಬೇಕು. ಹೊಸಪೇಟೆಯಿಂದ ತೋರಣಗಲ್ಲು ದಾಟಿ ಬಳ್ಳಾರಿಗೆ ಹೋಗೋ 67ನೇ ಹೆದ್ದಾರಿಯಲ್ಲಿ ಅದಿರು, ಕಲ್ಲಿದ್ದಲಿನ ಲಾರಿಗಳ ಸಾಲು ಗೊತ್ತಲ್ಲ. ಎದುರಿನ ದಾರಿ ಖಾಲಿ ಕಂಡು ಆಮೇಲೆ ಪೆಡಲ್ ಒತ್ತಿದ್ರೆ ಗೇರ್ ಇಳಿಯೋದಕ್ಕೆ, ಟರ್ಬೊ ಎದ್ದೇಳೋದಕ್ಕೆ ಒಂದು ಸೆಕೆಂಡ್ ಹೋಯ್ತು ಅನ್ಕೊಳ್ಳಿ. 72 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದ್ರೆ 20 ಮೀಟರ್. ಲಾರಿ ಹಿಂದೆ ಅಂತರ ಇಟ್ಕೊಂಡಿರುವಾಗಲೇ ಸ್ಪೋರ್ಟ್ ಹಾಕಿ, ಗೇರ್ ಇಳಿದು ಆರ್‌ಪಿಎಂ ಏರಲಿ, ಆಮೇಲೆ ಹೊರಗೆ ಬನ್ನಿ. ದಾಟಿ ಎಡಕ್ಕೆ ಸೇರಿದ ಮೇಲೆ ನಾರ್ಮಲ್. ಕುಶಾಕ್, ಸ್ಲಾವಿಯಾ, ಟೈಗನ್, ವರ್ಟಸ್ ಡಿಸಿಟಿ, ಅಂದ್ರೆ ಡಿಎಸ್‌ಜಿಗಳಲ್ಲಿ ಗೇರ್ ಕೋಲನ್ನೇ ಎಸ್‌ಗೆ ಎಳೀಬೇಕು, ಬೇರೆ ಗುಂಡಿ ಇಲ್ಲ.

ಎರಡನೇದು ಇಳಿಜಾರು. ಸಂಡೂರಿನ ಸ್ವಾಮಿಮಲೆ ಕಡೆಯ ತಿರುವುಗಳಲ್ಲಿ ಇಳಿಯುವಾಗ ನಾರ್ಮಲ್‌ನಲ್ಲಿ ಗೇರ್ ಮೇಲೇರಿ ಗಾಡಿ ತೇಲುತ್ತೆ, ಬ್ರೇಕ್ ಒಂದೇ ದುಡಿಯುತ್ತೆ. ಸ್ಪೋರ್ಟ್ ಅಥವಾ ಮ್ಯಾನ್ಯುವಲ್ 2, 3 ಹಿಡಿದ್ರೆ ಎಂಜಿನ್ ತಡೆಯುತ್ತೆ. ರಸ್ತೆ ಒಣಗಿದ್ರೆ ಮಾತ್ರ. ಮೊದಲ ಮಳೆಗೆ ಅದಿರಿನ ಕೆಂಪು ಧೂಳು ಸಾಬೂನಿನಂತಾಗುತ್ತೆ, ಆಗ ಸ್ಪೋರ್ಟ್ ಬೇಡ. ಮ್ಯಾನ್ಯುವಲ್‌ನಲ್ಲಿ 3 ಹಿಡಿದು ನಿಧಾನ ಇಳೀರಿ.

ಕೊಪ್ಪಳ ಕೋಟೆ
ಇವಿಗಳಲ್ಲಿ?

ತಾಳಕ್ಕೆ ತಕ್ಕ ಕ್ಲಚ್ (ಬಳ್ಳಾರಿ)
ಗೇರಿನ ರಗಳೆ ಇಲ್ಲ. ಮೋಟಾರಿನ ಟಾರ್ಕನ್ನ ಕಣ್ಣು ಮಿಟುಕಿಸೋದ್ರೊಳಗೆ ಇಳಿಸಬಹುದು, ಹಾಗಾಗಿ ಟಿಸಿ ನಯವಾಗಿರುತ್ತೆ. ಗಮನ ಬೇಕಾಗಿರೋದು ರೀಜನ್ ಕಡೆ, ಅಂದ್ರೆ ಕಾಲು ತೆಗೆದಾಗ ಮೋಟಾರೇ ಗಾಡಿ ತಡೆದು ಬ್ಯಾಟರಿ ತುಂಬೋದರ ಕಡೆ. ಕೆಸರಿನಲ್ಲಿ ಜೋರು ರೀಜನ್ ಅಂದ್ರೆ ಮೇಲೆ ಹೇಳಿದ ಎಂಜಿನ್ ಜಗ್ಗಾಟವೇ. ನೆಕ್ಸಾನ್ ಇವಿಯಲ್ಲಿ ಎಳೆಯೋದು ಮುಂದಿನ ಗಾಲಿ, ಮಹೀಂದ್ರ ಬಿಇ 6ರಲ್ಲಿ ಹಿಂದಿನದು. ಹಿಂದಿನ ಗಾಲಿಗೆ ರೀಜನ್ ಜೋರಾದ್ರೆ ಗಾಡಿಯ ಬಾಲ ಬೀಸುತ್ತೆ. ಜಾರೋ ಕಡೆ ರೀಜನ್ ಕಡಿಮೆ ಹಂತಕ್ಕೆ ಇಳಿಸಿ.

ಕೊಪ್ಪಳ ಕೋಟೆ
ನಮ್ಮ ಗಾಡಿಯಲ್ಲಿ ಸ್ಪೋರ್ಟ್ ಏನು ಬದಲಿಸುತ್ತೆ ಅಂತ ನಾವೇ ಅಳೆಯೋಕೆ ಆಗುತ್ತಾ? ಪುಸ್ತಕದಲ್ಲಿ ‘ಉತ್ಸಾಹಭರಿತ ಚಾಲನೆ’ ಅಂತ ಬರೆದು ಕೈ ತೊಳ್ಕೊಂಡಿದಾರೆ.

ಹತ್ತು ಎಂಎಂ ಪಾನಾ (ಬಳ್ಳಾರಿ)
ಆಗುತ್ತೆ. ಗಾಡಿಯ ಪರೀಕ್ಷೆ ಸಾಕೆಟ್ಟಿಗೆ ಸಿಕ್ಕಿಸೋ ಬ್ಲೂಟೂತ್ ಒಬಿಡಿ ಡಾಂಗಲ್ ಸಾಕು. ಲೈವ್ ಡೇಟಾದಲ್ಲಿ ಪಿಐಡಿ (ಒಂದೊಂದು ಅಳತೆಯ ಸಂಖ್ಯೆ) 49 ಅಂದ್ರೆ ಪೆಡಲ್, 11 ಅಂದ್ರೆ ಥ್ರಾಟಲ್. ಗಾಡಿ ಕೊಡ್ತಾ ಇದ್ರೆ 61 ಮತ್ತು 62 ಕೂಡ ಹಾಕ್ಕೊಳ್ಳಿ: 61 ನೀವು ಕೇಳಿದ ಟಾರ್ಕ್, 62 ಎಂಜಿನ್ ಕೊಟ್ಟ ಟಾರ್ಕ್. ಖಾಲಿ ನೇರ ರಸ್ತೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಫೋನ್ ಹಿಡೀಲಿ. ನಾರ್ಮಲ್‌ನಲ್ಲಿ ಪೆಡಲ್ ಒಂದೇ ಮಟ್ಟದಲ್ಲಿ ಹಿಡಿದು 20ರಿಂದ 60ಕ್ಕೆ ಏರಿಸಿ, ದಾಖಲಿಸಿ. ಆಮೇಲೆ ಸ್ಪೋರ್ಟಿನಲ್ಲಿ ಅಷ್ಟೇ ಪೆಡಲ್. 49 ಒಂದೇ ಇದ್ದು 61 ಏರಿದ್ರೆ ಪೆಡಲ್ ನಕ್ಷೆ ಬದಲಾಗಿದೆ ಅಂತ ಸಿಕ್ತು. ಮಣ್ಣಿನ ಮೈದಾನದಲ್ಲಿ ನಿಧಾನಕ್ಕೆ ಹೊರಡುವಾಗ ದೀಪ ಮಿಣುಕಿದ ಕ್ಷಣ 61 ಮೇಲಿದ್ದು 62 ಧೊಪ್ಪನೆ ಬಿದ್ರೆ, ಅದೇ ಟಿಸಿಯ ಕೈ. ಎರಡೂ ಮೋಡಿನಲ್ಲಿ ಅದೇ ತರ ಬಿದ್ರೆ ಸ್ಪೋರ್ಟ್ ನಿಮ್ಮ ಟಿಸಿ ಮುಟ್ಟಿಲ್ಲ.

ಗಂಗಾವತಿ ಗಾಡಿ
ಒಣ ರಸ್ತ್ಯಾಗ, ನಿಲ್ಲೋ ಮುಂಚೆ 5, 10ರ ವೇಗದಾಗ ಬ್ರೇಕ್ ಪೆಡಲ್ ಕರಕರ ಅಂತೈತಿ. ಮೋಡ್ ಯಾವುದಿದ್ರೂ ಅಷ್ಟ. ಅದಿರು ಧೂಳು ಸೆನ್ಸರಿಗೆ ಅಂಟಿರ್ತೈತಿ ಅಂದ್ರು.

ಹತ್ತು ಎಂಎಂ ಪಾನಾ (ಬಳ್ಳಾರಿ)
ಅದಿರಿನ ಮೇಲೆ ಎಲ್ಲಾ ತಪ್ಪು ಹೊರಿಸಬೇಡಿ. ಸಂಡೂರಿನದು ಹೆಚ್ಚಾಗಿ ಹೆಮಟೈಟ್, ಅಯಸ್ಕಾಂತಕ್ಕೆ ಗಟ್ಟಿ ಅಂಟೋ ಜಾತಿ ಅಲ್ಲ. ಅಂಟೋದು ಬ್ರೇಕ್ ಡಿಸ್ಕ್ ಸವೆದ ಕಬ್ಬಿಣದ ಪುಡಿ. ಅದಕ್ಕೆ ಕೆಂಪು ಧೂಳು, ನೀರು ಸೇರಿ ಪೇಸ್ಟ್ ಆಗಿರುತ್ತೆ.

ನೀವು ಹೇಳಿದ ಲಕ್ಷಣ ಒಂದು ಗಾಲಿಯ ಸಂಕೇತ ಕಮ್ಮಿ ವೇಗದಲ್ಲಿ ಬಿಟ್ಟು ಬಿಟ್ಟು ಬರೋದು. ಆ ಗಾಲಿ ಲಾಕ್ ಆಯ್ತು ಅಂತ ಎಬಿಎಸ್ ಮೋಸ ಹೋಗಿ ಎದ್ದೇಳುತ್ತೆ. ಸ್ಕ್ಯಾನರ್ ಹಾಕಿ, ನಾಲ್ಕೂ ಗಾಲಿ ವೇಗ ಒಟ್ಟಿಗೆ ತೆರೆದು, ತಾಸಿಗೆ 5ರಿಂದ 20ರವರೆಗೆ ನೆಟ್ಟಗೆ ಓಡಿಸಿ. ಮೂರು 8 ತೋರಿಸುವಾಗ ಒಂದು 0, 3, 8 ಅಂತ ಕುಣಿದ್ರೆ ಅದೇ ಕಳ್ಳ. ದೋಷದ ಕೋಡ್ ಬಿದ್ದಿದ್ರೆ ಸಿ0035 ಎಡ ಮುಂದು, ಸಿ0040 ಬಲ ಮುಂದು.

ಬಿಚ್ಚುವಾಗ: ಸೆನ್ಸರಿಗೆ ಸಾಮಾನ್ಯವಾಗಿ ಒಂದೇ ಬೋಲ್ಟ್, 10 ಎಂಎಂ. ತುಕ್ಕು ಹಿಡಿದು ಕೂತಿದ್ರೆ ಎಣ್ಣೆ ಬಿಟ್ಟು ಹತ್ತು ನಿಮಿಷ ಬಿಡಿ, ಎಡಕ್ಕೆ ಬಲಕ್ಕೆ ತಿರುಚಿ ಮೇಲೆತ್ತಿ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ತಲೆ ಮುರಿದು ಒಳಗೇ ಉಳಿಯುತ್ತೆ. ತುದಿ ಬಟ್ಟೆಯಲ್ಲಿ ಒರೆಸಿ, ಕೂರೋ ತೂತನ್ನೂ ಒರೆಸಿ. ಮಲ್ಟಿಮೀಟರಿನಲ್ಲಿ ಓಮ್ ನೋಡಿ ತೀರ್ಪು ಕೊಡಬೇಡಿ, ಈಗಿನ ಆಕ್ಟಿವ್ (ಒಳಗೇ ಚಿಪ್ ಇರೋ) ಸೆನ್ಸರಿಗೆ ಆ ಪರೀಕ್ಷೆ ನಡೆಯಲ್ಲ.

ಇತ್ತೀಚೆಗೆ ವೀಲ್ ಬೇರಿಂಗ್ ಹಾಕಿಸಿದ್ರೆ ಮೊದಲು ಅದನ್ನೇ ಅನುಮಾನಿಸಿ. ಬಹಳ ಗಾಡಿಗಳ ಬೇರಿಂಗಿನ ಒಂದು ಬದಿಯ ಸೀಲೇ ಅಯಸ್ಕಾಂತದ ಉಂಗುರ, ಕಂದು ಬಣ್ಣ ಇಲ್ಲಾ ಕಪ್ಪು, ನೋಡೋಕೆ ಸಾದಾ ಸೀಲ್ ತರಾನೇ. ಅದು ಸೆನ್ಸರ್ ಕಡೆಗೆ ಬರಬೇಕು. ತಿರುಗಿಸಿ ಪ್ರೆಸ್ ಮಾಡಿದ್ರೆ ಗಾಡಿ ಓಡುತ್ತೆ, ಸಂಕೇತ ಬರಲ್ಲ. ಮತ್ತೆ ಪ್ರೆಸ್ ಮಾಡಿ ತೆಗೆದ್ರೆ ಆ ಬೇರಿಂಗ್ ಕಸಕ್ಕೆ.

ಗಂಗಾವತಿ ಗಾಡಿ
ಬೇರಿಂಗ್ ಹಾಕ್ಸಿಲ್ಲ. ಮುಂದಿನ ಎಡಕ್ಕ ಒಂದೇ ಒಂದು ಹೊಸ ಟೈರ್ ಹಾಕ್ಸೈತಿ, 215/60 ಆರ್17. ಉಳಿದ ಮೂರು ಹಳೇವು.

ರಾಯಚೂರು 42 ಡಿಗ್ರಿ
ಇದನ್ನ ಮೊದಲೇ ಹೇಳಬಾರದೇನ್ರಿ! ಆ ಅಳತಿ ಟೈರಿನ ವ್ಯಾಸ ಸುಮಾರು 690 ಎಂಎಂ. ಹೊಸದರ ಕಚ್ಚು 8 ಎಂಎಂ, ಹಳೇದು 2 ಎಂಎಂ ಉಳಿದಿದ್ರ ವ್ಯಾಸದಾಗ 12 ಎಂಎಂ ಫರಕು, ಅಂದ್ರ 1.7 ಪ್ರತಿಶತ. ಅಷ್ಟನ್ನ ಇಎಸ್‌ಸಿ ಸಾಮಾನ್ಯ ಹೊಂದಿಸ್ಕೊಳ್ತದ, ಕರಕರಕ್ಕ ಅದೊಂದೇ ಕಾರಣ ಅನ್ನಂಗಿಲ್ಲ, ಸೆನ್ಸರ್ ನೋಡೇ ನೋಡ್ರಿ. ಆದ್ರ ಎಳೆಯೋ ಎರಡು ಗಾಲಿ ವ್ಯಾಸ ಬ್ಯಾರೆ ಇದ್ರ ನೆಟ್ಟಗ ಹೋಗುವಾಗ್ಲೂ ಡಿಫರೆನ್ಶಿಯಲ್ ಗೇರು ತಿರುಗ್ತಾನ ಇರ್ತಾವ. ಮಳ್ಯಾಗ ಎರಡು ಟೈರಿನ ಹಿಡಿತಾನೂ ಬ್ಯಾರೆ, ಗಾಡಿ ಒಂದು ಕಡಿಗೆ ಎಳೀತದ. ಸಣ್ಣ ಸ್ಟೆಪ್ನಿ ಹಾಕಿದಾಗ ಆಗೋದೂ ಇದ ಜಾತಿದು, ಅದಕ್ಕ ಅದರ ಮ್ಯಾಲೆ ತಾಸಿಗೆ 80 ಕಿ.ಮೀ. ಮಿತಿ ಅಂತ ಬರದಿರ್ತಾರ.

ಅಂಥಾದ್ದ ಇನ್ನೊಂದು ಹೊಸದು ತಂದು ಜೋಡಿ ಮಾಡ್ರಿ.

ಮಸಾರಿ ಮಣ್ಣು (ಸಂಡೂರು)
ಜೋಡಿ ಆದ ಮೇಲೆ ಹೊಸವು ಹಿಂದಕ್ಕೆ, ಸವೆದದ್ದರಲ್ಲಿ ಚೆನ್ನಾಗಿರೋ ಎರಡು ಮುಂದಕ್ಕೆ. ಎಳೆಯೋದು ಮುಂದಿನ ಗಾಲಿ ತಾನೆ, ಹೊಸದು ಅಲ್ಲಿರಲಿ ಅಂತ ಟೈರ್ ಅಂಗಡಿಯಲ್ಲಿ ವಾದ ಮಾಡ್ತಾರೆ, ಕೇಳಬೇಡಿ. ನೀರಿನ ಮೇಲೆ ಮುಂದು ಜಾರಿದ್ರೆ ಕಾಲು ತೆಗೆದು ಸಂಭಾಳಿಸಬಹುದು, ಹಿಂದು ಜಾರಿದ್ರೆ ಗಾಡಿ ಸುತ್ತುತ್ತೆ. ಕಚ್ಚು 1.6 ಎಂಎಂ ಮುಟ್ಟಿದ್ರೆ ಮುಂದೂ ಬೇಡ ಹಿಂದೂ ಬೇಡ.

ಹತ್ತು ಎಂಎಂ ಪಾನಾ (ಬಳ್ಳಾರಿ)
ನಟ್ ಬಿಗಿಯೋದು ಹ್ಯುಂಡೈ ಕಿಯಾಗಳಿಗೆ 11ರಿಂದ 13 ಕೆಜಿಎಫ್ ಮೀಟರ್, ಪುಸ್ತಕದಲ್ಲಿ ಒಮ್ಮೆ ನೋಡ್ಕೊಳ್ಳಿ. ಏರ್ ಗನ್ನಿನಲ್ಲಿ ಗಿರ್ರಂತ ತಿರುವಿ ಬಿಡೋಕೆ ಬಿಡಬೇಡಿ, ಕೊನೆಗೆ ಟಾರ್ಕ್ ಪಾನಾದಲ್ಲಿ ಎದುರುಬದುರು ಕ್ರಮದಲ್ಲಿ ಬಿಗಿಸಿ. ಗಾಲಿ ಬಿಚ್ಚಿದಾಗಲೇ ಎಡ ಮುಂದಿನ ಸೆನ್ಸರ್ ವೈರ್ ನೋಡಿ, ಕ್ಲಿಪ್ಪಿನಿಂದ ಹೊರಬಂದು ಟೈರಿಗೆ ಉಜ್ಜಿರಬಹುದು. ಆ ಟೈರ್ ಹಾಕಿದ ದಿನದಿಂದಲೇ ಕರಕರ ಶುರುವಾಗಿದ್ರೆ, ನನ್ನ ಬಾಜಿ ಅದರ ಮೇಲೇ.